ದಂಡಿನ ನೆಲದಲ್ಲಿ ಸಿಕ್ಕ ಬಿಲ್ಲೆ ಯಾರದು? ಸೈನಿಕನ ಜಾಡು ಹಿಡಿಯುವ ಕ್ರಮ

ಹಲಸೂರಿನ ಹಳೆ ಬಂಗಲೆಯ ಪಾಯ ತೆಗೆಯುವಾಗ ಒಂದು ಪದಕ, ಜಾಲಹಳ್ಳಿಯ ಮಣ್ಣಿನಲ್ಲಿ ಅಕ್ಷರ ಒತ್ತಿದ ಲೋಹದ ಬಿಲ್ಲೆ, ಬಳ್ಳಾರಿಯ ದಂಡಿನಲ್ಲಿ (ಕಂಟೋನ್ಮೆಂಟಿನಲ್ಲಿ) ಸಂಖ್ಯೆ ಹೊತ್ತ ಚಮಚ. ಇಂಥದ್ದು ಕೈಗೆ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ: ಇದು ಯಾರದು? ಎಲ್ಲಿಂದ ಬಂದವನು, ಮುಂದೆ ಏನಾದ?

ಉತ್ತರ ಸಿಗುವ ಸಾಧ್ಯತೆ ಜನ ಅಂದುಕೊಂಡದ್ದಕ್ಕಿಂತ ಹೆಚ್ಚು. ದಾರಿ ತಪ್ಪುವುದು ಹೆಸರಿನ ಬೆನ್ನು ಹತ್ತಿದಾಗ. ಸೈನ್ಯದ ಕಡತದಲ್ಲಿ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುವುದು ಅವನ ಸಂಖ್ಯೆ ಮತ್ತು ರೆಜಿಮೆಂಟ್, ಇವೆರಡರ ಜೋಡಿ. ಈ ಜೋಡಿ ಕೈಗೆ ಬರುವ ತನಕ ಯಾವ ಜಾಲತಾಣದಲ್ಲೂ ಹೆಸರು ಹಾಕಿ ಹುಡುಕಬೇಡಿ. ಒಂದೇ ಹೆಸರಿನ ನೂರಾರು ಜನ ಸಿಗುತ್ತಾರೆ. ಅವರಲ್ಲಿ ನಿಮಗೆ ಇಷ್ಟವಾದ ಕಥೆ ಯಾರದೋ, ಅವನೇ ಇವನು ಅಂತ ಮನಸ್ಸು ನಂಬಿಬಿಡುತ್ತದೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಮತ್ತು ಭಾರತೀಯ ಸೈನಿಕರ ವಸ್ತುಗಳ ಬಗ್ಗೆ.

ಬೇಕಾಗುವ ಸಾಮಗ್ರಿ: 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚ್, ಕ್ಯಾಮೆರಾ ಇರುವ ಫೋನ್, ವರ್ನಿಯರ್ ಕ್ಯಾಲಿಪರ್ ಅಥವಾ ಮಿಲಿಮೀಟರ್ ಗೆರೆಯ ಅಳತೆಪಟ್ಟಿ, 2ಬಿ ಪೆನ್ಸಿಲ್, ತೆಳು ಬಟರ್ ಪೇಪರ್, ಮೆತ್ತನೆಯ ಬ್ರಶ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಒಂದು ನೋಟ್‌ಬುಕ್. ಕೆಲವು ದಾಖಲೆಗಳು ಚಂದಾ ಕಟ್ಟುವ ತಾಣಗಳಲ್ಲಿವೆ. ಮೊದಲ ನಾಲ್ಕು ಹಂತ ಮುಗಿಸಿಕೊಂಡು ಆಮೇಲೆ ಒಂದೇ ತಿಂಗಳ ಚಂದಾ ತೆಗೆದುಕೊಂಡರೆ ಸಾಕು.

ಹಂತ 1: ಎತ್ತುವ ಮೊದಲು

ದಂಡಿನ ಜಾಗಗಳಲ್ಲಿ ಪದಕದ ಜೊತೆ ಗುಂಡು, ಸಿಡಿಗುಂಡಿನ ಫ್ಯೂಸ್, ಗ್ರೆನೇಡ್‌ ಕೂಡ ಸಿಗುತ್ತವೆ. ನೂರು ವರ್ಷ ಮಣ್ಣಿನಲ್ಲಿದ್ದ ಸಿಡಿಮದ್ದು ಹಳತಾದಷ್ಟೂ ಅಪಾಯಕಾರಿ. ಮೊಟ್ಟೆಯಾಕಾರದ, ಕೊಳವೆಯಾಕಾರದ ತುಕ್ಕು ಹಿಡಿದ ವಸ್ತು ಕಂಡರೆ ಮುಟ್ಟದೆ ದೂರ ಸರಿದು 112ಕ್ಕೆ ಕರೆ ಮಾಡಿ.

ಜಾಗ ಯಾರದು ಅಂತ ನೋಡಿ. ರಕ್ಷಣಾ ಇಲಾಖೆಯ ನೆಲದಲ್ಲಿ, ಸಂರಕ್ಷಿತ ಸ್ಮಾರಕದ ಸುತ್ತ ಅಗೆಯುವುದು, ಮೆಟಲ್ ಡಿಟೆಕ್ಟರ್ ಆಡಿಸುವುದು ಬೇಡವೇ ಬೇಡ. ಖಾಸಗಿ ಜಾಗವಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ನೆಲದಡಿ ಬೆಲೆಬಾಳುವ ವಸ್ತುಗಳು ಒಟ್ಟಾಗಿ ಸಿಕ್ಕರೆ ನಿಧಿ ಕಾಯ್ದೆಯಡಿ ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಎತ್ತುವ ಮುನ್ನ ಇದ್ದ ಹಾಗೇ ಫೋಟೋ ತೆಗೆಯಿರಿ. ಫೋನಿನ ಮ್ಯಾಪ್‌ನಲ್ಲಿ ಜಾಗ ಗುರುತಿಸಿ, ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಇನ್ನೇನಿತ್ತು ಎಂದು ಬರೆದಿಡಿ. ಅಂಗಿಯ ಗುಂಡಿ, ಬಾಟಲಿ ಚೂರು, ಕುದುರೆ ಲಾಳದ ಮೊಳೆ ಎಲ್ಲವೂ ಸುಳಿವೇ. ಲಾಳ, ಮೊಳೆ ತುಂಬಾ ಇದ್ದರೆ ಅದು ಅಶ್ವದಳದ ಅಥವಾ ಫಿರಂಗಿ ದಳದ ಜಾಗವಾಗಿದ್ದಿರಬಹುದು. ಆ ದಂಡಿನಲ್ಲಿ ಯಾವ ವರ್ಷ ಯಾವ ದಳ ಬೀಡುಬಿಟ್ಟಿತ್ತು ಎಂಬ ಪಟ್ಟಿಯ ಜೊತೆ ಮುಂದೆ ಇದನ್ನು ತಾಳೆ ನೋಡಬಹುದು. ಗುಜರಿ ಅಂಗಡಿಯಲ್ಲೋ ಸಂತೆಯಲ್ಲೋ ಕೊಂಡ ವಸ್ತುವಾದರೆ ಈ ಅನುಕೂಲ ಇಲ್ಲ. ವ್ಯಾಪಾರಿ ಹೇಳುವ ಜಾಗವನ್ನು ಸುಳಿವು ಎಂದಷ್ಟೇ ಬರೆದುಕೊಳ್ಳಿ.

ಹಂತ 2: ಉಜ್ಜಬೇಡಿ

ಅತಿ ಹೆಚ್ಚು ಹಾಳಾಗುವುದು ಈ ಹಂತದಲ್ಲೇ. ಹಿತ್ತಾಳೆ ಕಂಡ ಕೂಡಲೇ ಹುಣಸೆಹಣ್ಣು, ಬೆಳ್ಳಿ ಕಂಡ ಕೂಡಲೇ ವಿಭೂತಿ ಎನ್ನುವ ಮನೆಮದ್ದು ಪೂಜೆ ಪಾತ್ರೆಗೆ ಸರಿ. ಪದಕದ ಅಂಚಿನ ಅಕ್ಷರಗಳ ಆಳ ಕೂದಲೆಳೆಯಷ್ಟೇ. ಎರಡು ಸಲ ತಿಕ್ಕಿದರೆ ಸಂಖ್ಯೆಯ ಕೊನೆಯ ಅಂಕೆ 3 ಇತ್ತೋ 8 ಇತ್ತೋ ಹೇಳಲಾಗದು, ಅಲ್ಲಿಗೆ ಹುಡುಕಾಟವೇ ನಿಂತಂತೆ. ಅಲ್ಯೂಮಿನಿಯಂ ಬಿಲ್ಲೆಗೆ ನಿಂಬೆರಸ, ಸೋಪು, ಸೋಡಾ ಯಾವುದೂ ತಾಗಬಾರದು, ಮೇಲ್ಮೈ ಕೊರೆದುಹೋಗುತ್ತದೆ.

ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ ಮೆತ್ತನೆಯ ಬ್ರಶ್‌ನಿಂದ ಮೇಲಿನ ಮಣ್ಣು ಮಾತ್ರ ಬಿಡಿಸಿ, ನೆರಳಿನಲ್ಲಿ ಒಣಗಿಸಿ. ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ವಸ್ತುವಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಡಿ. ಕಣ್ಣಿಗೆ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ. ಬೆಳಕಿನ ದಿಕ್ಕು ಬದಲಿಸುತ್ತ ಕನಿಷ್ಠ ನಾಲ್ಕು ಫೋಟೋ ತೆಗೆಯಿರಿ. ಚಪ್ಪಟೆ ಬಿಲ್ಲೆಯಾದರೆ ಮೇಲೆ ಬಟರ್ ಪೇಪರ್ ಇಟ್ಟು ಪೆನ್ಸಿಲ್ಲನ್ನು ಮಲಗಿಸಿ ಹಗುರವಾಗಿ ಆಡಿಸಿದರೂ ಅಕ್ಷರ ಮೂಡುತ್ತದೆ. ಸವೆದ ಅಂಕೆಯನ್ನು ಊಹಿಸಿ ಬರೆಯದೆ ಪ್ರಶ್ನೆ ಚಿಹ್ನೆ ಹಾಕಿ, ಯಾವ ಯಾವ ಅಂಕೆ ಇರಬಹುದು ಅಂತ ಪಕ್ಕದಲ್ಲಿ ಬರೆಯಿರಿ.

ಹಂತ 3: ಇದು ಯಾವ ವಸ್ತು?

ಗುರುತಿನ ಬಿಲ್ಲೆ, ಅಂದರೆ ಸೈನಿಕ ಮೈಮೇಲೆ ಕಟ್ಟಿಕೊಳ್ಳುತ್ತಿದ್ದ ಹೆಸರಿನ ಬಿಲ್ಲೆ. ಬ್ರಿಟಿಷ್ ಸೈನ್ಯ 1907ರಲ್ಲಿ ಅಲ್ಯೂಮಿನಿಯಂನ ಒಂದೇ ಗುಂಡನೆಯ ಬಿಲ್ಲೆ ತಂದಿತು. ಯುದ್ಧ ಶುರುವಾದ 1914ರಲ್ಲಿ ಅದರ ಬದಲು ಒತ್ತಿದ ನಾರಿನ ಕೆಂಪು ಬಿಲ್ಲೆ ಬಂತು. 1916ರಿಂದ ಎರಡು: ಎಂಟು ಮೂಲೆಯ ಹಸಿರು, ಗುಂಡನೆಯ ಕೆಂಪು. ಸತ್ತಾಗ ಕೆಂಪನ್ನು ಲೆಕ್ಕಕ್ಕೆ ಬಿಚ್ಚಿಕೊಂಡು ಹಸಿರನ್ನು ದೇಹದ ಮೇಲೇ ಬಿಡುತ್ತಿದ್ದರು. ನಾರಿನ ಬಿಲ್ಲೆ ಮಣ್ಣಿನಲ್ಲಿ ಕೊಳೆಯುತ್ತದೆ, ಹಾಗಾಗಿ ನೆಲದಲ್ಲಿ ಉಳಿದು ಸಿಗುವುದು ಹೆಚ್ಚಾಗಿ ಅಲ್ಯೂಮಿನಿಯಂನದೇ. ಅದರ ಮೇಲೆ ಹೆಸರು, ಸಂಖ್ಯೆ, ದಳ, ಧರ್ಮ ಇರುತ್ತವೆ. ‘ಸಿ ಆಫ್ ಇ’ ಎಂದರೆ ಇಂಗ್ಲೆಂಡಿನ ಚರ್ಚಿನವನು, ‘ಆರ್‌ಸಿ’ ಎಂದರೆ ರೋಮನ್ ಕ್ಯಾಥೊಲಿಕ್. ಇದನ್ನು ಅಲಕ್ಷಿಸಬೇಡಿ, ಯಾವ ಚರ್ಚಿನ ರಿಜಿಸ್ಟರ್ ನೋಡಬೇಕು ಅನ್ನುವುದನ್ನು ಮುಂದೆ ಇದೇ ಹೇಳುತ್ತದೆ.

ಪದಕ. ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ ಮತ್ತು ಹೊಂಬಣ್ಣದ ಕಂಚಿನ ವಿಕ್ಟರಿ ಮೆಡಲ್, ಎರಡೂ 36 ಮಿಮೀ ಅಗಲ, ಸೈನಿಕನ ವಿವರ ಅಂಚಿನ ಸುತ್ತ ಇರುತ್ತದೆ. ನಕ್ಷತ್ರಾಕಾರದ 1914ರ ಸ್ಟಾರ್ ಮತ್ತು 1914-15ರ ಸ್ಟಾರ್‌ಗಳಲ್ಲಿ ಹಿಂಬದಿಯಲ್ಲಿರುತ್ತದೆ. ಪದಕದ ಜಾತಿಯೇ ಅರ್ಧ ಕಥೆ ಹೇಳಿಬಿಡುತ್ತದೆ. 1914ರ ಸ್ಟಾರ್ ಇದ್ದರೆ ಆ ವರ್ಷದ ಆಗಸ್ಟ್ 5ರಿಂದ ನವೆಂಬರ್ 22ರೊಳಗೆ ಫ್ರಾನ್ಸ್ ಅಥವಾ ಬೆಲ್ಜಿಯಂನಲ್ಲಿದ್ದವನು. 1914-15ರ ಸ್ಟಾರ್ ಎಂದರೆ 1915 ಮುಗಿಯುವುದರೊಳಗೆ ಈಜಿಪ್ಟ್, ಮೆಸೊಪೊಟೇಮಿಯ (ಈಗಿನ ಇರಾಕ್), ಪೂರ್ವ ಆಫ್ರಿಕದಂಥ ಯಾವುದಾದರೂ ರಣಭೂಮಿಗೆ ಹೋದವನು. ವಿಕ್ಟರಿ ಮೆಡಲ್ ಇಲ್ಲದೆ ಬ್ರಿಟಿಷ್ ವಾರ್ ಮೆಡಲ್ ಒಂದನ್ನೇ ಪಡೆದ ಬ್ರಿಟಿಷ್ ಸೈನಿಕನಾದರೆ, ಯುದ್ಧದುದ್ದಕ್ಕೂ ಭಾರತದ ದಂಡುಗಳಲ್ಲೇ ಕಾವಲಿಗಿದ್ದವನಿರಬಹುದು. 1914ರ ಕೊನೆಯಲ್ಲಿ ಇಲ್ಲಿನ ಖಾಯಂ ದಳಗಳನ್ನು ಯುರೋಪಿಗೆ ಕರೆಸಿಕೊಂಡು ಅವುಗಳ ಜಾಗಕ್ಕೆ ಇಂಗ್ಲೆಂಡಿನಿಂದ ಟೆರಿಟೋರಿಯಲ್ ದಳಗಳನ್ನು, ಅಂದರೆ ಅರೆಕಾಲಿಕ ಸ್ವಯಂಸೇವಕರ ದಳಗಳನ್ನು ಕಳಿಸಿದ್ದರು. ಅದೇ ವಾರ್ ಮೆಡಲ್ ಕಂಚಿನದಾಗಿದ್ದರೆ ಅದು ಕಾರ್ಮಿಕ ದಳದಂಥ ಕಡೆ ದುಡಿದವರಿಗೆ ಕೊಟ್ಟದ್ದು. ಬಂದೂಕು ಹಿಡಿಯದೆ ಹೊರೆ ಹೊತ್ತ, ರಸ್ತೆ ಕಡಿದ ಜನರ ಗುರುತು ಅದು. ನಕಲಿ ಅಂದುಕೊಂಡು ಬಿಸಾಡಬೇಡಿ.

ಸ್ಮರಣ ಫಲಕ. 120 ಮಿಮೀ ಅಗಲದ ಕಂಚಿನ ತಟ್ಟೆ, ಬ್ರಿಟಾನಿಯ (ಬ್ರಿಟನ್ನಿನ ಸಂಕೇತವಾದ ಸ್ತ್ರೀ) ಮತ್ತು ಸಿಂಹದ ಚಿತ್ರ. ಮಡಿದವರ ಮನೆಗೆ ಕೊಟ್ಟದ್ದು. ಇದರಲ್ಲಿ ಹೆಸರು ಮಾತ್ರ ಇರುತ್ತದೆ, ಬೇಕೆಂದೇ ದರ್ಜೆ, ಸಂಖ್ಯೆ ಎರಡನ್ನೂ ಬಿಟ್ಟಿದ್ದಾರೆ. ಇದೊಂದರಿಂದ ವ್ಯಕ್ತಿಯನ್ನು ನಿಶ್ಚಯಿಸುವುದು ಕಷ್ಟ. ಜೊತೆಗೆ ಬೇರೆ ವಸ್ತು ಅಥವಾ ಮನೆತನದ ಕಾಗದ ಬೇಕು.

ಚಮಚ, ಬ್ರಶ್, ಬೆಲ್ಟಿನ ಕೊಂಡಿ. ಇವುಗಳ ಮೇಲೆ ಸೈನಿಕನೇ ಸಂಖ್ಯೆ ಒತ್ತಿರುತ್ತಾನೆ, ಸಾಲುಗಳು ಓರೆಕೋರೆ ಇರುತ್ತವೆ. ಕಾರ್ಖಾನೆಯ ಅಚ್ಚು ನೇರವಾಗಿರುತ್ತದೆ. ಕಾಗೆಯ ಹೆಜ್ಜೆಯಂಥ ಬಾಣದ ಗುರುತು ಸರ್ಕಾರಿ ಸ್ವತ್ತು ಎಂದು ಹೇಳುತ್ತದೆ. ಅದರ ಪಕ್ಕದ ವರ್ಷ ತಯಾರಾದ ವರ್ಷ, ಸೈನಿಕ ಅಲ್ಲಿದ್ದ ವರ್ಷ ಅಲ್ಲ.

ಬಹಳ ಜನ ಎಡವುವುದು ಗುಂಡನೆಯ ಬೆಳ್ಳಿಯ ಬಿಡುಗಡೆ ಬ್ಯಾಡ್ಜಿನಲ್ಲಿ. ಗಾಯ ಅಥವಾ ಕಾಯಿಲೆಯಿಂದ ಸೇವೆಯಿಂದ ಹೊರಬಂದವರಿಗೆ 1916ರಿಂದ ಕೊಟ್ಟದ್ದು. ಹಿಂದಿರುವ ಸಂಖ್ಯೆ ಬ್ಯಾಡ್ಜಿನದು, ಸೈನಿಕನದಲ್ಲ. ಅದಕ್ಕೇ ಪ್ರತ್ಯೇಕ ಪಟ್ಟಿಗಳಿವೆ, ಬ್ಯಾಡ್ಜ್ ಸಂಖ್ಯೆಯಿಂದ ಅಲ್ಲಿ ಹುಡುಕಿದರೆ ಸೈನಿಕನ ಸಂಖ್ಯೆ, ಸೇರಿದ ದಿನ, ಬಿಟ್ಟ ದಿನ ಸಿಗುತ್ತವೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಸ್ಟಾರ್‌ಗಳ ಮೇಲೆ ಹೆಸರು ಒತ್ತಿಲ್ಲ. ಅವುಗಳಿಂದ ವ್ಯಕ್ತಿಯನ್ನು ಪತ್ತೆ ಮಾಡಲಾಗದು. ಆದರೆ ಆ ಯುದ್ಧದಲ್ಲಿ ಬೆಂಗಳೂರಿನ ಶಿಬಿರಗಳಲ್ಲಿ ಇಟಲಿಯ ಯುದ್ಧಕೈದಿಗಳಿದ್ದರು. ಇಟಾಲಿಯನ್ ಬಿಲ್ಲೆ ಸಿಕ್ಕರೆ ನಿಮ್ಮ ಅದೃಷ್ಟ: ಅದರಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ವರ್ಷ, ಊರು ಸಿಗುತ್ತವೆ. ತಂದೆಯ ಹೆಸರಿನ ಹಿಂದೆ ‘ಫು’ ಎಂದಿದ್ದರೆ ಆತ ಆಗಲೇ ತೀರಿಕೊಂಡಿದ್ದ ಎಂದರ್ಥ. ಆ ಊರು ಯಾವ ಪ್ರಾಂತ್ಯಕ್ಕೆ ಸೇರಿದೆ ನೋಡಿ, ಆ ಪ್ರಾಂತ್ಯದ ಸರ್ಕಾರಿ ಪತ್ರಾಗಾರಕ್ಕೆ ಬರೆದು ಸೇನಾ ಭರ್ತಿಯ ಹಾಳೆ ಕೇಳಿ.

ಹಂತ 4: ಅಂಚಿನ ಸಾಲನ್ನು ಬಿಡಿಸುವುದು

ಸಾಮಾನ್ಯ ಕ್ರಮ: ಸಂಖ್ಯೆ, ದರ್ಜೆ, ಹೆಸರು, ದಳ. ಭಾರತೀಯ ದರ್ಜೆಗಳು ಮೊಟಕಾಗಿರುತ್ತವೆ. ‘ಎಸ್‌ಪಿಆರ್’ ಎಂದರೆ ಸ್ಯಾಪರ್ (ಸೇನೆಯ ಎಂಜಿನಿಯರ್ ದಳದ ಸಿಪಾಯಿ), ‘ಪಿಎನ್‌ಆರ್’ ಪಯನಿಯರ್ (ರಸ್ತೆ, ಕಂದಕ ಕಟ್ಟುವ ದಳದ ಸಿಪಾಯಿ), ‘ಎನ್‌ಕೆ’ ನಾಯಕ್, ‘ಹೆಚ್‌ಎವಿ’ ಹವಿಲ್ದಾರ್. ಸೊವಾರ್, ದಫೆದಾರ್ ಇದ್ದರೆ ಕುದುರೆ ಸವಾರರ ದಳ. ದಳದ ಜಾಗದಲ್ಲಿ ‘2 ಎಸ್ & ಎಂ’ ಎಂದಿದ್ದರೆ ಅದು 2ನೇ ಸ್ಯಾಪರ್ಸ್ ಆಂಡ್ ಮೈನರ್ಸ್, ಬೆಂಗಳೂರನ್ನೇ ಮನೆ ಮಾಡಿಕೊಂಡ ಮದ್ರಾಸ್ ಸ್ಯಾಪರ್ಸ್. ‘ಮೈಸೂರ್’ ಮತ್ತು ‘ಐ ಎಸ್’ ಎರಡೂ ಕಂಡರೆ ಮೈಸೂರು ಇಂಪೀರಿಯಲ್ ಸರ್ವಿಸ್ ದಳ, ಅಂದರೆ ಮಹಾರಾಜರು ಸಾಮ್ರಾಜ್ಯದ ಸೇವೆಗೆ ಕೊಟ್ಟ ಸೈನ್ಯ. ಇದರ ಈಟಿ ಸವಾರರಾದ ಲ್ಯಾನ್ಸರ್‌ಗಳೇ ಜೋಧಪುರದವರ ಜೊತೆ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಬಂದರು ಹಿಡಿದದ್ದು.

ದಳದ ಹೆಸರು ಹುಡುಕುವಾಗ 1922 ನೆನಪಿರಲಿ. ಆ ವರ್ಷ ಭಾರತೀಯ ಸೈನ್ಯವನ್ನು ಮರುಜೋಡಿಸಿ ಹೆಸರು, ಸಂಖ್ಯೆ ಬದಲಿಸಿದರು. 61, 64, 81ನೇ ಪಯನಿಯರ್ಸ್ ದಳಗಳು 1ನೇ ಮದ್ರಾಸ್ ಪಯನಿಯರ್ಸ್‌ನ ಪಟಾಲಂಗಳಾದವು, 1933ರಲ್ಲಿ ಅದೂ ವಿಸರ್ಜನೆಯಾಯಿತು. ಇವತ್ತಿನ ಪಟ್ಟಿಯಲ್ಲಿ 61ನೇ ಪಯನಿಯರ್ಸ್ ಇಲ್ಲವಲ್ಲ ಅಂತ ಕೈಬಿಡಬೇಡಿ.

ಬ್ರಿಟಿಷ್ ಸಂಖ್ಯೆಗಳಿಗೂ ಹಾಗೇ ಗಡಿವರ್ಷಗಳಿವೆ. 1920ರವರೆಗೆ ಒಂದೊಂದು ರೆಜಿಮೆಂಟಿಗೂ ಅದರದೇ ಸಂಖ್ಯೆಗಳು, ಹಾಗಾಗಿ 4127 ಎಂಬ ಸೈನಿಕ ಹತ್ತಾರು ದಳಗಳಲ್ಲಿ ಇರಬಹುದು. ಟೆರಿಟೋರಿಯಲ್ ಕಾಲಾಳುಗಳಿಗೆ 1917ರಲ್ಲಿ ಆರಂಕೆಯ ಹೊಸ ಸಂಖ್ಯೆ ಕೊಟ್ಟರು. ಚಮಚದ ಮೇಲೆ ನಾಲ್ಕಂಕೆ, ಪದಕದ ಮೇಲೆ ಆರಂಕೆ ಇದ್ದರೂ ಒಬ್ಬನೇ ಇರಬಹುದು. 1920ರಲ್ಲಿ ಇಡೀ ಸೈನ್ಯಕ್ಕೆ ಒಂದೇ ಸರಣಿ ಬಂತು. ಅಲ್ಲಿಂದ ಸಂಖ್ಯೆಯೇ ದಳವನ್ನು ಸೂಚಿಸುತ್ತದೆ. ಉದಾಹರಣೆಗೆ 721001ರಿಂದ 1842000ದವರೆಗೆ ರಾಯಲ್ ಆರ್ಟಿಲರಿ, ಅಂದರೆ ಫಿರಂಗಿ ದಳ.

ಪದಕದ ಅಂಚು ತೆಳ್ಳಗಾಗಿ, ಅಗಲ 36 ಮಿಮೀಗಿಂತ ಕಡಿಮೆ ಬಂದರೆ ಹಳೆ ಹೆಸರನ್ನು ಅರದಿಂದ ಉಜ್ಜಿ ಹೊಸದು ಒತ್ತಿರಬಹುದು. ಮಾರುಕಟ್ಟೆಯಿಂದ ಬಂದ ಪದಕಗಳಲ್ಲಿ ಇದನ್ನು ತಪ್ಪದೆ ಅಳೆಯಿರಿ.

ಹಂತ 5: ಬ್ರಿಟಿಷ್ ಸೈನಿಕನಾದರೆ

ಮೊದಲ ಬಾಗಿಲು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಪದಕ ಸೂಚಿ ಕಾರ್ಡುಗಳು, ಕಡತ ಸರಣಿ ಡಬ್ಲ್ಯುಓ 372 (ಡಬ್ಲ್ಯುಓ ಎಂದರೆ ವಾರ್ ಆಫೀಸ್, ಆಗಿನ ಯುದ್ಧ ಇಲಾಖೆ). ಅಲ್ಲಿ ಸಂಖ್ಯೆ, ರೆಜಿಮೆಂಟ್ ಎರಡೂ ಹಾಕಿ ಹುಡುಕಿ. ಕಾರ್ಡಿನಲ್ಲಿ ಸಾಮಾನ್ಯವಾಗಿ ಅವನು ಹೊರದೇಶದಲ್ಲಿ ಸೇವೆ ಮಾಡಿದ ದಳಗಳು, ಅಲ್ಲಿನ ಸಂಖ್ಯೆಗಳು ಒಟ್ಟಿಗೆ ಸಿಗುತ್ತವೆ. ರಣಭೂಮಿಗೆ ಕಾಲಿಟ್ಟ ದಿನಾಂಕದ ಜಾಗ ಖಾಲಿ ಇದ್ದರೆ ಗಾಬರಿ ಬೇಡ, ಸಾಮಾನ್ಯವಾಗಿ 1916ಕ್ಕೆ ಮುಂಚೆ ಹೋದವರಿಗೆ ಮಾತ್ರ ಅದನ್ನು ತುಂಬುತ್ತಿದ್ದರು. ಕಾರ್ಡಿನಲ್ಲಿರುವ ಪುಟದ ಉಲ್ಲೇಖ ಹಿಡಿದು ಡಬ್ಲ್ಯುಓ 329ರ ಪದಕ ಪಟ್ಟಿಗೆ ಹೋದರೆ ಯಾವ ಬೆಟಾಲಿಯನ್ ಎಂಬುದೂ ತಿಳಿಯುವುದುಂಟು.

ನಂತರ ಸೇವಾ ದಾಖಲೆ, ಡಬ್ಲ್ಯುಓ 363. ಇದರಲ್ಲಿ ಎತ್ತರ, ವಯಸ್ಸು, ಕಸುಬು, ಮನೆಯವರ ವಿಳಾಸ, ಶಿಕ್ಷೆ, ಆಸ್ಪತ್ರೆ ಎಲ್ಲ ಇರುತ್ತದೆ. ಆದರೆ 1940ರ ಸೆಪ್ಟೆಂಬರ್‌ನ ಬಾಂಬ್ ದಾಳಿಯಲ್ಲಿ ಈ ಕಡತಗಳಲ್ಲಿ ಸುಮಾರು 60% ಸುಟ್ಟುಹೋದವು. ಸಿಗದಿದ್ದರೆ ಅದೇ ಕಾರಣವಿರಬಹುದು, ನಿಮ್ಮ ಹುಡುಕಾಟ ತಪ್ಪಿರಬೇಕಾಗಿಲ್ಲ. ಆಗ ಪಿಂಚಣಿ ಕಡತಗಳ ಡಬ್ಲ್ಯುಓ 364 ನೋಡಿ. ಅಧಿಕಾರಿಯಾದರೆ ಡಬ್ಲ್ಯುಓ 339 ಮತ್ತು 374. ಯುದ್ಧ ಮುಗಿದ ಮೇಲೂ, 1920ರ ದಶಕದಲ್ಲೂ ಸೇವೆಯಲ್ಲಿದ್ದವನ ಕಡತ ಬ್ರಿಟನ್ನಿನ ರಕ್ಷಣಾ ಸಚಿವಾಲಯದ ಬಳಿ ಉಳಿದಿತ್ತು, 2022ರಿಂದ ಅವನ್ನು ಕ್ಯೂಗೆ ವರ್ಗಾಯಿಸುತ್ತಿದ್ದಾರೆ.

ಬೆಂಗಳೂರಿನ ದಂಡಿನಲ್ಲಿದ್ದವನಾದರೆ ಇನ್ನೊಂದು ಸಿರಿವಂತ ಮೂಲವಿದೆ. ದಂಡಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಅಂತ್ಯಸಂಸ್ಕಾರದ ಪ್ರತಿಗಳು ಮದ್ರಾಸ್ ಪ್ರಾಂತ್ಯದ ಸರಣಿ ಎನ್/2ರಲ್ಲಿ ಬ್ರಿಟಿಷ್ ಲೈಬ್ರರಿಗೆ ಸೇರಿವೆ. ಮೈಸೂರು ಸರಣಿ ಅಂತ ಹುಡುಕಿದರೆ ಸಿಗುವುದಿಲ್ಲ. ಮದುವೆಯ ನಮೂದಿನಲ್ಲಿ ದರ್ಜೆ, ದಳ, ತಂದೆಯ ಹೆಸರು ಇರುತ್ತವೆ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ತಾಣದಲ್ಲಿ ಉಚಿತ ಸೂಚಿ ಇದೆ, ಚಂದಾ ತಾಣಕ್ಕೆ ಹೋಗುವ ಮುನ್ನ ಅಲ್ಲಿ ನೋಡಿ. ಎಂ.ಜಿ. ರಸ್ತೆಯ ಹೋಲಿ ಟ್ರಿನಿಟಿ ಚರ್ಚಿನ ಗೋಡೆಯ ಫಲಕಗಳನ್ನು, ಹೊಸೂರು ರಸ್ತೆಯ ಸ್ಮಶಾನವನ್ನು ಖುದ್ದಾಗಿ ನೋಡುವುದೂ ಲಾಭವೇ.

ಹಂತ 6: ಭಾರತೀಯ ಸೈನಿಕನಾದರೆ

ದಾರಿ ಇಲ್ಲಿ ಕಡಿದು, ದಾಖಲೆ ಕಡಿಮೆ. ಡಬ್ಲ್ಯುಓ 372ರಲ್ಲಿ ಭಾರತೀಯ ಸೈನ್ಯದ ಕಾರ್ಡುಗಳು ಪೂರ್ತಿ ಇಲ್ಲ. ಹಾಗಂತ ಬಿಡಬೇಕಾಗಿಲ್ಲ. ನಮ್ಮ ಊರುಗಳಿಂದ ಹೋಗಿ ಬಸ್ರಾದಲ್ಲೋ ಸೂಯೆಜ್‌ನಲ್ಲೋ ಉಳಿದುಹೋದವರ ಗುರುತು ಹಿಡಿಯುವವರು ತೀರ ಕಡಿಮೆ, ಆದ್ದರಿಂದ ಇಲ್ಲಿ ಪತ್ತೆಯಾಗುವ ಒಂದೊಂದು ಹೆಸರಿಗೂ ಹೆಚ್ಚಿನ ತೂಕವಿದೆ.

ಯುದ್ಧದಲ್ಲಿ ಸತ್ತನೇ ಎಂಬುದನ್ನು ಮೊದಲು ನೋಡಿ. ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಉಚಿತ ದತ್ತಾಂಶದಲ್ಲಿ ಸೇವಾ ಸಂಖ್ಯೆಯ ಖಾನೆಯೊಂದನ್ನೇ ತುಂಬಿ ಹುಡುಕಿ, ಹೆಸರಿನ ಖಾನೆ ಖಾಲಿ ಬಿಡಿ. ಕಾರಣ ಕಾಗುಣಿತ. ಬರೆದುಕೊಂಡ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಮುನಿಸ್ವಾಮಿ ಮೂನಿಸಾಮಿ ಆಗಿದ್ದಾನೆ, ರಾಮಸ್ವಾಮಿ ರಾಮಸಾಮಿ ಆಗಿದ್ದಾನೆ, ಕೊಡವರ ಮನೆಹೆಸರು ಮುಂದೆಯೋ ಹಿಂದೆಯೋ ಸೇರಿದೆ ಅಥವಾ ಬಿಟ್ಟೇಹೋಗಿದೆ. ನಮೂದು ಸಿಕ್ಕರೆ ‘ಹೆಚ್ಚಿನ ಮಾಹಿತಿ’ ಭಾಗದಲ್ಲಿ ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಜಿಲ್ಲೆ ಇರುವುದುಂಟು. ಹಳ್ಳಿಯ ಹೆಸರನ್ನು ಗಟ್ಟಿಯಾಗಿ ಓದಿ ನೋಡಿ, ಕನ್ನಡದ ಹೆಸರು ಕಿವಿಗೆ ಹೊಳೆಯುತ್ತದೆ. ಜಿಲ್ಲೆಯ ಗಡಿ ಬದಲಾಗಿದೆ ಎಂಬುದೂ ಗಮನದಲ್ಲಿರಲಿ: ಆಗಿನ ಕೋಲಾರವೇ ಈಗಿನ ಚಿಕ್ಕಬಳ್ಳಾಪುರವೂ ಹೌದು, ಆಗಿನ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು.

ಸ್ಮಾರಕದ ಹೆಸರನ್ನು ಸಾವಿನ ಜಾಗ ಎಂದು ತಪ್ಪು ತಿಳಿಯಬೇಡಿ. ಚೆನ್ನೈನ ಮದ್ರಾಸ್ 1914-1918 ಸ್ಮಾರಕದಲ್ಲಿ ಹೆಸರಿದ್ದವರು ದೇಶದ ಬೇರೆ ಬೇರೆ ದಂಡುಗಳ ಸ್ಮಶಾನಗಳಲ್ಲಿದ್ದಾರೆ. ಮೆಸೊಪೊಟೇಮಿಯದಲ್ಲಿ ಸತ್ತ ಭಾರತೀಯ ಸಿಪಾಯಿಗಳನ್ನು ಬಸ್ರಾ ಸ್ಮಾರಕದ ಕಲ್ಲಿನ ಮೇಲೆ ಹೆಸರಿಸದೆ ಬರೀ ಎಣಿಕೆಯಲ್ಲಿ ನಮೂದಿಸಿದ್ದರು. ಈ ಅನ್ಯಾಯವನ್ನು ಕಮಿಷನ್ ತನ್ನ 2021ರ ವರದಿಯಲ್ಲಿ ತಾನೇ ಒಪ್ಪಿಕೊಂಡಿದೆ. ಹೆಸರು ಕಲ್ಲಿನಲ್ಲಿ ಇಲ್ಲದಿದ್ದರೂ ದತ್ತಾಂಶದಲ್ಲಿ ಹುಡುಕಿ.

ಸೆರೆ ಸಿಕ್ಕವನಿರಬಹುದೇ? 1916ರ ಏಪ್ರಿಲ್ 29ರಂದು ಮೆಸೊಪೊಟೇಮಿಯದ ಕೂಟ್ ಪಟ್ಟಣ ಶರಣಾದಾಗ ಸಾವಿರಾರು ಭಾರತೀಯರು ತುರ್ಕಿಯ ಕೈಗೆ ಸಿಕ್ಕರು. ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನ 1914-1918ರ ಕೈದಿಗಳ ಕಾರ್ಡುಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಬದುಕಿ ಬಂದವನಾದರೆ ದಳದ ಕಡೆಯಿಂದ ಹೋಗಿ. ಸ್ಯಾಪರ್ ಆದರೆ ಬೆಂಗಳೂರಿನಲ್ಲೇ ಮದ್ರಾಸ್ ಸ್ಯಾಪರ್ಸ್ ಮ್ಯೂಸಿಯಂ ಮತ್ತು ಪತ್ರಾಗಾರ ಇದೆ. ಸೇನೆಯ ಆವರಣವಾದ್ದರಿಂದ ಮೊದಲೇ ಪತ್ರ ಬರೆದು ಅನುಮತಿ ಪಡೆಯಬೇಕು. ಪತ್ರದಲ್ಲಿ ಸಂಖ್ಯೆ, ದರ್ಜೆ, ಅಂಚಿನ ಫೋಟೋ, ಒಂದೇ ಒಂದು ನಿರ್ದಿಷ್ಟ ಪ್ರಶ್ನೆ ಇರಲಿ. ‘ಇವರ ಬಗ್ಗೆ ಇರುವುದೆಲ್ಲ ಕೊಡಿ’ ಎಂಬ ಪತ್ರಕ್ಕೆ ಉತ್ತರ ಬರುವುದು ಕಷ್ಟ. ಮೈಸೂರು ದಳದವನಾದರೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಸೇನಾ ಕಡತಗಳನ್ನು ಕೇಳಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಕಡತಗಳ ಸೂಚಿ ಅಭಿಲೇಖ್ ಪಟಲ್ ತಾಣದಲ್ಲಿದೆ.

ಹಂತ 7: ಅವನ ದಿನಗಳನ್ನು ಕಟ್ಟುವುದು

ಸಾಮಾನ್ಯ ಸಿಪಾಯಿಯ ಬಗ್ಗೆ ನೇರ ದಾಖಲೆ ಒಂದೆರಡು ಸಾಲು ಮಾತ್ರ. ಉಳಿದದ್ದನ್ನು ಅವನ ದಳದ ಯುದ್ಧ ದಿನಚರಿಯಿಂದ ತುಂಬಿಕೊಳ್ಳಬೇಕು. ಕ್ಯೂನಲ್ಲಿರುವ ಡಬ್ಲ್ಯುಓ 95 ಸರಣಿಯಲ್ಲಿ ಪ್ರತಿ ದಳ ದಿನದಿನಕ್ಕೂ ಎಲ್ಲಿತ್ತು, ಏನು ಮಾಡಿತು ಎಂಬುದಿದೆ. ಇವುಗಳಲ್ಲಿ ಅಧಿಕಾರಿಗಳ ಹೆಸರೇ ಹೆಚ್ಚು, ಸಿಪಾಯಿ ‘ಇಬ್ಬರು ಗಾಯಾಳು’ ಎಂಬ ಎಣಿಕೆಯಲ್ಲಿರುತ್ತಾನೆ. ಆದ್ದರಿಂದ ಬರೆಯುವಾಗ ಎರಡನ್ನೂ ಬೇರೆ ಇಡಿ: ‘ಇವನ ದಳ ಅಂದು ಪೂರ್ವ ಆಫ್ರಿಕದ ಟಾಂಗಾದಲ್ಲಿತ್ತು’ ಎನ್ನುವುದು ದಾಖಲೆ, ‘ಇವನು ಅಂದು ಟಾಂಗಾದಲ್ಲಿದ್ದ’ ಎನ್ನುವುದು ಊಹೆ. 1914ರ ನವೆಂಬರ್‌ನಲ್ಲಿ 61ನೇ ಪಯನಿಯರ್ಸ್ ಅಲ್ಲಿದ್ದರೂ ಆ ಸೈನಿಕ ಬೆಂಗಳೂರಿನ ಡಿಪೊದಲ್ಲೋ ಆಸ್ಪತ್ರೆಯಲ್ಲೋ ಇದ್ದಿರಬಹುದು.

ವಸ್ತು ಸಿಕ್ಕ ಜಾಗದಲ್ಲೇ ಸೈನಿಕ ಸತ್ತ ಎಂಬ ತೀರ್ಮಾನಕ್ಕೂ ಆಧಾರವಿಲ್ಲ. ಬಿಲ್ಲೆಯ ದಾರ ಹರಿಯುತ್ತದೆ, ಚಮಚ ಕಳೆಯುತ್ತದೆ, ವರ್ಗವಾದಾಗ ಬೇಡದ ವಸ್ತು ಕಸದ ಗುಂಡಿಗೆ ಹೋಗುತ್ತದೆ. ದಂಡುಗಳಲ್ಲಿ ಸಿಗುವುದು ಬಹುಪಾಲು ಹೀಗೆ ಕಳೆದವೇ.

ಹಂತ 8: ತಾಳೆ, ನಂತರ ಕುಟುಂಬ

ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾಖಲೆಗಳಲ್ಲಿ ಸಂಖ್ಯೆ ಮತ್ತು ದಳದ ಜೋಡಿ ಒಂದೇ ಇದ್ದರೆ ಮಾತ್ರ ಗುರುತು ಖಚಿತ. ಜಾಲತಾಣದ ವಂಶವೃಕ್ಷವನ್ನು ದಾಖಲೆ ಎಂದು ಎಣಿಸಬೇಡಿ, ಅದು ಇನ್ನೊಬ್ಬರ ತೀರ್ಮಾನ.

ವಂಶದವರನ್ನು ಹುಡುಕುವಾಗ ರೆಜಿಮೆಂಟಿನ ಮ್ಯೂಸಿಯಂ, ಅವನ ಊರಿನ ಗ್ರಾಮ ಪಂಚಾಯಿತಿ ಅಥವಾ ಮಾಜಿ ಸೈನಿಕರ ಸಂಘದ ಮೂಲಕ ಪತ್ರ ಕಳಿಸಿ. ವಿಳಾಸ, ಫೋನ್ ಸಂಖ್ಯೆಗಳನ್ನು ಬಹಿರಂಗವಾಗಿ ಹಾಕಬೇಡಿ. ಸೇವಾ ಕಡತದಲ್ಲಿ ಶಿಕ್ಷೆ, ಗುಪ್ತರೋಗ, ಮಾನಸಿಕ ಕಾಯಿಲೆಯ ವಿವರ ಇರುವುದುಂಟು. ಮನೆಯವರು ಕೇಳಿದರೆ ಅವರಿಗೆ ತೋರಿಸಿ, ನೀವಾಗಿ ಪ್ರಕಟಿಸಬೇಡಿ.

ಕುಟುಂಬ ಇಂಗ್ಲೆಂಡಿನಲ್ಲಿ ಸಿಕ್ಕಿತು ಅಂತ ಸಂತೋಷದಲ್ಲಿ ಪದಕವನ್ನು ಕೊರಿಯರ್‌ಗೆ ಹಾಕಬೇಡಿ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. 1914-18ರ ವಸ್ತುಗಳೆಲ್ಲ ಈಗ ಆ ವಯಸ್ಸು ದಾಟಿವೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ಕಚೇರಿಗೆ ಫೋಟೋ, ಅಳತೆ, ತೂಕದೊಂದಿಗೆ ಬರೆದು, ಇದು ಕಾಯ್ದೆಗೆ ಒಳಪಡುತ್ತದೆಯೇ ಎಂದು ಕೇಳಿ. ಬರಹದಲ್ಲಿ ಉತ್ತರ ಬರುವ ತನಕ ಕುಟುಂಬಕ್ಕೆ ಒಳ್ಳೆಯ ಫೋಟೋಗಳನ್ನೂ ನೀವು ಕಲೆಹಾಕಿದ ದಾಖಲೆಗಳನ್ನೂ ಕಳಿಸಿ.

ಅಲ್ಲಿಯವರೆಗೆ ವಸ್ತುವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪಾಲಿಪ್ರೊಪಿಲೀನ್ ಡಬ್ಬದಲ್ಲಿಡಿ. ಪಿವಿಸಿ ಚೀಲ ಲೋಹವನ್ನು ಹಸಿರುಗಟ್ಟಿಸುತ್ತದೆ. ಸಿಕ್ಕ ಜಾಗ, ದಿನಾಂಕ, ಸಂಖ್ಯೆ, ದಳ, ಇಲ್ಲಿಯವರೆಗೆ ನೋಡಿದ ಕಡತಗಳ ಹೆಸರು ಬರೆದ ಚೀಟಿ ಡಬ್ಬದೊಳಗೇ ಇರಲಿ. ನೋಡಿಯೂ ಏನೂ ಸಿಗದ ಕಡತಗಳನ್ನೂ ಅದರಲ್ಲಿ ಬರೆಯಿರಿ, ನಿಮ್ಮ ನಂತರ ಹುಡುಕುವವರಿಗೆ ಆ ಶ್ರಮ ತಪ್ಪುತ್ತದೆ.